ಡೊರೀನ್ ಗ್ರಾಂ ಲೆಕ್ಕ ಹಿಡಿದ ಚಳಿಗಾಲ

ಡಾರ್ವೆನ್ ಎಂಬ ಪುಟ್ಟ ಇಂಗ್ಲಿಷ್ ಊರಿನ ನಮ್ಮ ಬೀದಿಯ ಮೂಲೆಗೆ ಈಗ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಅದರ ಮುಂದೆ ಹಾದಾಗಲೆಲ್ಲ ನನಗೆ ಮಣ್ಣು ಮೆತ್ತಿದ ಆಲೂಗಡ್ಡೆಯ ವಾಸನೆ ನೆನಪಾಗುತ್ತದೆ. ಅದು ಡೊರೀನ್ ಹಾವರ್ತಳ ತರಕಾರಿ ಅಂಗಡಿಯಾಗಿತ್ತು.

ಬಿಡಿ ಸಾಮಾನನ್ನೆಲ್ಲ ಕಿಲೋದಲ್ಲೇ ತೂಗಬೇಕೆಂದು ಕಾನೂನು ಬಂದಾಗ ಡೊರೀನ್ ಹೊಸ ತಕ್ಕಡಿಯನ್ನೇನೋ ತಂದಳು, ಆದರೆ ಅದರ ಮೇಲೆ ಪಾತ್ರೆ ಒರೆಸುವ ಬಟ್ಟೆ ಹೊದಿಸಿಟ್ಟಳು. ತೂಕ-ಅಳತೆಯ ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಅದು ಮುಖ ತೋರಿಸುತ್ತಿತ್ತು. ಉಳಿದ ದಿನ ಹಳೆಯ ತಕ್ಕಡಿ, ಹಳೆಯ ಪೌಂಡು. ಯಾರಾದರೂ ಕಿಲೋ ಎಂದರೆ, ಅದು ಹುಟ್ಟಿದ ಪ್ಯಾರಿಸ್ಸಿಗೇ ಹೋಗಿ ತಗೋ ಎನ್ನುತ್ತಿದ್ದಳು. ನಾವೇನು ಕಡಿಮೆ? ಪೆಟ್ರೋಲನ್ನು ಲೀಟರಿನಲ್ಲಿ ಹಾಕಿಸಿಕೊಂಡು ಮೈಲಿಯ ಲೆಕ್ಕದಲ್ಲಿ ಓಡಿಸುವ ಜನ. ಡಾಕ್ಟರು ನನ್ನ ತೂಕವನ್ನು ಕಿಲೋದಲ್ಲಿ ಹೇಳಿದರೆ ಯಾರದೋ ತೂಕವಿರಬೇಕೆಂದು ನಾನು ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆ.

ಮಗು ಹುಟ್ಟಿತೆಂದರೆ ನಮ್ಮಲ್ಲಿ ಗಂಡೋ ಹೆಣ್ಣೋ ಎಂಬುದರ ಬೆನ್ನಿಗೇ ಬರುವ ಪ್ರಶ್ನೆ ತೂಕದ್ದು. ಆಸ್ಪತ್ರೆಯವರು ಗ್ರಾಂನಲ್ಲಿ ಬರೆದುಕೊಟ್ಟರೂ ಮನೆಯವರು ಅದನ್ನು ಪೌಂಡು, ಔನ್ಸಿಗೆ ತಿರುಗಿಸಿ ಹೇಳಬೇಕು. ಎಂಟು ಪೌಂಡೆಂದರೆ ಅಜ್ಜಿಯರು ಬೀಗುತ್ತಾರೆ. ಐದಕ್ಕಿಂತ ಕಡಿಮೆಯೆಂದರೆ ಕೇಳಿದವರು ಮುಖ ಸಣ್ಣದು ಮಾಡಿಕೊಂಡು ದನಿ ತಗ್ಗಿಸುತ್ತಾರೆ. ಆ ತಗ್ಗಿದ ದನಿ ಕೇಳಿಸಿಕೊಳ್ಳುವುದು ಮನೆಯವರಿಗೆ ಬಲು ಕಷ್ಟ.

ಡೊರೀನಳ ಒಬ್ಬಳೇ ಮಗಳು ಜಿಲ್‌ಗೆ ದಿನ ತುಂಬುವುದಕ್ಕೆ ಮೂರು ತಿಂಗಳು ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಉಳಿಯುವ ಮಾತನ್ನು ಯಾರೂ ಖಚಿತವಾಗಿ ಆಡುತ್ತಿರಲಿಲ್ಲ. ಮರುದಿನ ಡೊರೀನ್ ಎಂದಿನಂತೆ ಅಂಗಡಿ ತೆರೆದಳು. ಒಳಗಿದ್ದ ನಾವೆಲ್ಲ ತಲೆ ತಗ್ಗಿಸಿ ತರಕಾರಿ ಆರಿಸುತ್ತಿದ್ದೆವು. ಆಗ ಬಂದವನು ಸೆಸಿಲ್, ಬಸ್ ಓಡಿಸಿ ನಿವೃತ್ತನಾದವನು. ಅವನ ನಾಲಿಗೆಗೆ ಬ್ರೇಕಿಲ್ಲ. ಮಗುವಿನ ತೂಕವೆಷ್ಟೆಂದು ಕೇಳಿಯೇಬಿಟ್ಟ.

“ಒಂಬೈನೂರ ಎಂಬತ್ತು ಗ್ರಾಂ,” ಎಂದಳು ಡೊರೀನ್, ಕ್ಯಾರೆಟ್ ತೂಗುತ್ತಲೇ.

“ಹಳೇ ಲೆಕ್ಕದಲ್ಲಿ ಹೇಳೇ. ಗ್ರಾಂ ಅಂದ್ರೆ ನಂಗೇನ್ ತಿಳಿಯುತ್ತೆ?”

“ತಿಳೀದಿದ್ರೆ ಬಿಡು. ಕಾನೂನು ಬಂದು ಎಷ್ಟು ಕಾಲ ಆಯ್ತು, ಇನ್ನೂ ಪೌಂಡಿಗೇ ಜೋತುಬಿದ್ದಿದೀಯಲ್ಲ ಮಾರಾಯ.”

ನಾವು ಬಾಯಿಬಿಟ್ಟು ನೋಡಿದೆವು. ಒಂಬೈನೂರೆಂದರೆ ಅಂಕಿ ದೊಡ್ಡದೇ ಬಿಡು ಎಂದು ಸೆಸಿಲ್ ಕೋಸು ತೆಗೆದುಕೊಂಡು ಹೋದ.

ಮನೆಗೆ ಬಂದು ಲೆಕ್ಕ ಹಾಕಿದೆ. ಎರಡು ಪೌಂಡಿಗೆ ಚೂರು ಮೇಲೆ. ಕಪಾಟಿನಲ್ಲಿದ್ದ ಸಕ್ಕರೆ ಪೊಟ್ಟಣವೇ ಅದಕ್ಕಿಂತ ಭಾರ. ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಅಳು ಬಂತು. ಜನ್ಮವಿಡೀ ಬೈದ ಗ್ರಾಮಿನ ಬೆನ್ನ ಹಿಂದೆ ಡೊರೀನ್ ಮೊಮ್ಮಗಳನ್ನು ಬಚ್ಚಿಟ್ಟಿದ್ದಳು. ನಮಗ್ಯಾರಿಗೂ ಗ್ರಾಂ ಕೈಗೆ ನಿಲುಕದು, ಹಾಗಾಗಿ ಯಾರೂ ಮರುಗಲಾರರು. ಅವಳ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಆ ಚಳಿಗಾಲವಿಡೀ ಅವಳೇ ಹೇಳುತ್ತಿದ್ದಳು: ಸಾವಿರ ದಾಟಿದಳು, ಸಾವಿರದ ಇನ್ನೂರಾಯಿತು. ಒಮ್ಮೆ ಸೋಂಕು ತಗುಲಿ ತೂಕ ಇಳಿದಾಗ ವಾರವಿಡೀ ಏನೂ ಹೇಳಲಿಲ್ಲ. ನಾವು ಬೇಕಿಲ್ಲದಿದ್ದರೂ ಈರುಳ್ಳಿ ಕೊಂಡು, ಮಂಜಿನ ಮಾತಾಡಿ ಬಂದೆವು. ಒಂದು ಬೆಳಿಗ್ಗೆ ಸಾವಿರದ ಮುನ್ನೂರು ಎಂದಳು. ಸೆಸಿಲ್ ಏನೂ ಅರ್ಥವಾಗದವನಂತೆ ಭೇಷ್ ಎಂದ. ಅವನ ಅಡುಗೆಮನೆಯಲ್ಲೂ ಸಕ್ಕರೆ ಪೊಟ್ಟಣವಿತ್ತು ಎಂದು ಆಗ ನನಗೆ ಹೊಳೆಯಿತು. ಬೀದಿಗೆ ಬೀದಿಯೇ ಲೆಕ್ಕ ಹಾಕಿ ಬಾಯಿಗೆ ಬೀಗ ಹಾಕಿಕೊಂಡಿತ್ತು.

ವಸಂತದಲ್ಲಿ ಜಿಲ್ ಮಗುವನ್ನು ಆಸ್ಪತ್ರೆಯಿಂದ ನೇರ ಅಂಗಡಿಗೇ ತಂದಳು. ಡೊರೀನ್ ಕೈ ಒರೆಸಿಕೊಂಡು ಎತ್ತಿಕೊಂಡಳು. ಸೆಸಿಲ್ ಟೋಪಿ ತೆಗೆದು, ಎಂದಿಲ್ಲದ ಸಂಕೋಚದಿಂದ, ಈಗೆಷ್ಟು ಗ್ರಾಂ ಎಂದು ಕೇಳಿದ.

“ಗ್ರಾಮಂತೆ ಗ್ರಾಮು. ಸರಿಯಾಗಿ ಕೇಳೋ,” ಎಂದಳು ಡೊರೀನ್.

“ಎಷ್ಟು ಪೌಂಡು, ಡೊರೀನ್?”

“ಐದು ಪೌಂಡು ಎರಡು ಔನ್ಸು.”

ಮೂಗು ಒರೆಸಿಕೊಂಡು ಇನ್ನೊಮ್ಮೆ ಹೇಳಿದಳು, ಆಚೆ ಬಸ್ಸಿಗೆ ಕಾದು ನಿಂತವರಿಗೂ ಕೇಳುವ ಹಾಗೆ.