ಮರಳಿ ಬಂದ ಚಳಿಗಾಲದ ಪಾಲು

ಉತ್ತರ ಧ್ರುವದ ಸಮುದ್ರದ ಈ ದಂಡೆಗೆ ಸುವಾರ್ತೆಯ ಸೇವೆಗೆಂದು ಬಂದವರ ಸಂಖ್ಯೆ ಸಣ್ಣದಲ್ಲ; ಎರಡನೆಯ ಚಳಿಗಾಲ ಮುಗಿಯುವ ಮೊದಲೇ ಆರೋಗ್ಯದ ಕಾರಣ ಹೇಳಿ ವಿಮಾನ ಹತ್ತಿದವರ ಸಂಖ್ಯೆಯೂ ಸಣ್ಣದಲ್ಲ. ಬಂದು, ನಿಂತು, ಇಲ್ಲಿಯೇ ಕೂದಲು ನರೆಸಿಕೊಂಡವರೆಂದರೆ ಪೂಜ್ಯ ಹಾರ್ಲನ್ ಟೋಲೆಫ್ಸನ್ ಮತ್ತು ಅವರ ಪತ್ನಿ ಶ್ರೀಮತಿ ವರ್ನಾ ಅವರು. ನಮ್ಮ ಕಿಂಗಾಕ್ ಊರಿನ ಸಭೆಯ ಚರಿತ್ರೆಯನ್ನು ಯಾರಾದರೂ ಬರೆದರೆ, ಅದರ ಅರ್ಧ ಭಾಗ ಈ ದಂಪತಿಗಳದ್ದೇ ಆಗುತ್ತದೆ. ಈ ಆಗಸ್ಟಿನಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟಕ್ಕೆ ಊರಿನ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು, ಕಾಲೇಜು ಮುಗಿಸಿ ಮರಳಿ ಬಂದು ಇಲ್ಲಿಯ ಶಾಲೆಯಲ್ಲಿ ಪಾಠ ಹೇಳುತ್ತಿರುವ ನನಗೆ ಸಂಪಾದಕರು ಹೇಳಿದರು. ಮೆಚ್ಚುಗೆಯ ಮಾತುಗಳನ್ನು ಬರೆಯಲೆಂದೇ ಕುಳಿತೆ. ಆದರೆ ನಮ್ಮ ತಾಳ್ಮೆಯನ್ನು ಇವರಿಬ್ಬರಷ್ಟು ಪರೀಕ್ಷಿಸಿದವರು ಬೇರೆ ಯಾರೂ ಇಲ್ಲ ಎಂಬುದನ್ನು ಮೊದಲು ಹೇಳದೆ ಮುಂದುವರಿಯಲು ನನ್ನಿಂದ ಆಗುತ್ತಿಲ್ಲ.

ಅವರು ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಮೊದಲ ವರ್ಷದ ಕಥೆಗಳನ್ನು ನನ್ನನ್ನು ಸಾಕಿದ ಡಾರ್ಕಸ್ ಅಜ್ಜಿಯಿಂದ ಕೇಳಿದ್ದೇನೆ. ಚಹಾಕ್ಕೆ ನೀರು ಬೇಕಾದರೆ ನಾವು ಕೆರೆಯ ಮಂಜುಗಡ್ಡೆಯನ್ನು ಕಡಿದು ತಂದು ಕರಗಿಸುತ್ತೇವೆ. ಯಾರನ್ನೂ ಏನನ್ನೂ ಕೇಳಬಾರದೆಂಬ ವ್ರತ ಹಿಡಿದಂತಿದ್ದ ಪಾಸ್ಟರರು, ಕೆರೆ ದೂರವೆಂದು, ಮನೆಯೆದುರಿನ ಸಮುದ್ರದ ಮೇಲೆ ಆಗಷ್ಟೇ ಕಟ್ಟಿದ ಗಡ್ಡೆಯನ್ನು ಕಡಿದು ತಂದರು. ಆ ಉಪ್ಪುನೀರಿನ ಚಹಾವನ್ನು ಮೊದಲ ಭಾನುವಾರ ಇಡೀ ಸಭೆಗೆ ಕೊಡಲಾಯಿತು. ಯಾರೂ ಮುಖ ಕಿವುಚಲಿಲ್ಲ. ಎಲ್ಲರೂ ಕುಡಿದು ಮುಗಿಸಿದ ಮೇಲೆ ವರ್ನಾ ಅಮ್ಮನವರು ತಮ್ಮ ಲೋಟವನ್ನು ಬಾಯಿಗಿಟ್ಟು ಬೆಚ್ಚಿಬಿದ್ದರಂತೆ.

"ಅಯ್ಯೋ ದೇವ್ರೇ, ಯಾರಾದ್ರೂ ಹೇಳ್ಬಾರ್ದಿತ್ತಾ?"

"ಸಾರು ಚೆನ್ನಾಗೇ ಇತ್ತಲ್ಲಮ್ಮ," ಎಂದಳಂತೆ ಅಜ್ಜಿ. "ಒಂದು ಮೀನು ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಇದರಿಂದ ಪಾಸ್ಟರರು ಕಲಿತದ್ದು ಗಡ್ಡೆಯನ್ನು ಎಲ್ಲಿ ಕಡಿಯಬೇಕೆಂಬುದನ್ನು ಮಾತ್ರ. ಕೇಳದೆ ಯಾರೂ ಏನನ್ನೂ ಹೇಳದ ಊರಿಗೆ, ಯಾರನ್ನೂ ಏನನ್ನೂ ಕೇಳದ ಮನುಷ್ಯ ಬಂದರೆ ಏನಾಗುತ್ತದೆ ಎಂಬುದನ್ನು ಅವರು ಕಲಿಯಲಿಲ್ಲ. ಹೇಳಬೇಕೆಂದರೆ ನಾವೂ ಕಲಿಯಲಿಲ್ಲ.

ನಮ್ಮಲ್ಲಿ ಬಾಗಿಲು ತಟ್ಟುವ ಪದ್ಧತಿಯಿಲ್ಲ. ಬರುತ್ತೇವೆ, ಕೂರುತ್ತೇವೆ, ಮೈ ಬೆಚ್ಚಗಾದ ಮೇಲೆ ಎದ್ದು ಹೋಗುತ್ತೇವೆ. ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪಾಸ್ಟರರ ಮನೆಯಲ್ಲಿ ಹೀಗೆ ಕೂರುವುದು ಬಹಳ ವರ್ಷ ಸಾಧ್ಯವಾಗಲಿಲ್ಲ. ಒಳಗೆ ಕಾಲಿಟ್ಟವರ ಎದುರು ವರ್ನಾ ಅಮ್ಮನವರು ಬನ್ನಿನ ತಟ್ಟೆಯೊಂದಿಗೆ "ಏನಾಯ್ತು, ಯಾರಿಗೆ ಹುಷಾರಿಲ್ಲ?" ಎಂದು ಧಾವಿಸುವರು, ಉತ್ತರ ಸಿಗುವ ಮೊದಲೇ ಪಾಸ್ಟರರು ಮೊಣಕಾಲೂರುವರು. ತಿಮಿಂಗಿಲ ಬೇಟೆಯ ದೋಣಿಯ ಯಜಮಾನ ಲೂಥರ್ ಪನಿಗಾಕ್ ಅದನ್ನು ಇಂದಿಗೂ ಹೇಳಿಕೊಂಡು ನಗುತ್ತಾನೆ: "ಕಾಲು ಕಾಯಿಸ್ಕೊಳ್ಳೋಣ ಅಂತ ಹೋದ್ರೆ ಪಾಪ ಕ್ಷಮಿಸಿ ಕಳಿಸಿದ್ರಪ್ಪ. ಯಾವ ಪಾಪ ಅಂತ ನಂಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ."

ಹೀಗೆ ಬರೆಯುತ್ತಿರುವಾಗಲೇ ಒಂದು ದಿನ ನೆನಪಿಗೆ ಬಂದು ನನ್ನ ಲೇಖನಿಯನ್ನು ತಡೆಯುತ್ತದೆ. ನಾನು ಚಿಕ್ಕವನಿದ್ದಾಗ ಸೀಲ್ ಬೇಟೆಗೆ ಹೋಗಿದ್ದ ನನ್ನ ತಂದೆ ನಿಂತಿದ್ದ ಮಂಜುಗಡ್ಡೆ ದಂಡೆಯಿಂದ ಒಡೆದು ತೇಲಿಹೋಯಿತು. ಹುಡುಕಲು ಹೋದ ದೋಣಿಗಳು ಬರಿದೇ ಮರಳಿದವು. ಅಂದು ದಂಪತಿಗಳು ನಮ್ಮ ಮನೆಗೆ ಬಾಗಿಲು ತಟ್ಟದೆ ಬಂದರು. ಪಾಸ್ಟರರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಬೈಬಲ್ಲು ಅವರ ಜೇಬಿನಲ್ಲಿಯೇ ಉಳಿಯಿತು. ಅಜ್ಜಿ ಅಳದೆ ಸೀಲಿನ ಚರ್ಮ ಹೆರೆಯುತ್ತಿದ್ದಳು. ವರ್ನಾ ಅಮ್ಮನವರು ಎದುರು ಕುಳಿತು ಚರ್ಮದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಒಲೆಗೆ ಎಣ್ಣೆ ಬೇಕಾದಾಗ ಪಾಸ್ಟರರು ಎದ್ದು ಹಾಕಿದರು. ಬೆಳಕು ಹೋಗುವವರೆಗೆ ಆ ಮನೆಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಅವರು ಹೋದ ಮೇಲೆ ಅಜ್ಜಿ, "ಕಲ್ತುಬಿಟ್ರು," ಎಂದಳು. ಅಂದಿನಿಂದ ನಾನು ಎಷ್ಟೋ ಜನರ ಸಮಾಧಾನದ ಮಾತುಗಳನ್ನು ಕೇಳಿದ್ದೇನೆ. ನನ್ನಲ್ಲಿ ಉಳಿದಿರುವುದು ಆ ದಿನದ ಮೌನ ಮಾತ್ರ.

ತೊಂದರೆಯೆಂದರೆ, ಇವರು ಒಮ್ಮೆ ಕಲಿತರೆಂದರೆ ಮಿತಿಯಿಲ್ಲದೆ ಕಲಿಯುತ್ತಾರೆ; ನಮ್ಮಂತೆ ಬಾಯಿಬಿಡದಿರುವುದನ್ನೂ ಹಾಗೆಯೇ ಕಲಿತರು.

ಈ ವಸಂತದಲ್ಲಿ ಪಾಸ್ಟರರು ಆರಾಧನೆಯ ಕೊನೆಯಲ್ಲಿ ನಿವೃತ್ತಿಯ ಸಂಗತಿಯನ್ನು ತಿಳಿಸಿದರು. ಸಭೆಯ ಮನೆ ಹೊಸ ಪಾಸ್ಟರರಿಗೆ ಹೋಗುತ್ತದೆ. ಇವರಿಗೆಂದು ಹಿಮವೇ ಬೀಳದ ದಕ್ಷಿಣದ ಪಟ್ಟಣವೊಂದರಲ್ಲಿ ಎರಡು ಕೋಣೆ ಗೊತ್ತಾಗಿದೆ. "ಆಗಸ್ಟಿನಲ್ಲಿ ಹೊರಡ್ತೀವಿ," ಎಂದು ಹೇಳಿ, ಏನನ್ನೋ ಕಾಯುವವರಂತೆ ಸ್ವಲ್ಪ ಹೊತ್ತು ನಿಂತೇ ಇದ್ದರು. ನಾವು ನಮ್ಮ ನಮ್ಮ ಬೂಟುಗಳನ್ನು ನೋಡುತ್ತ ಕುಳಿತೆವು. ಹಿರಿಯರೊಬ್ಬರು ತೀರ್ಮಾನ ತಿಳಿಸಿದ ಮೇಲೆ ಅವರನ್ನು ಹಿಡಿದು ಎಳೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮನಸ್ಸಿನಲ್ಲಿರುವುದನ್ನು ಕೈಯಿಂದ ತೋರಿಸಬಹುದು, ಅಷ್ಟೆ.

ಲೂಥರ್ ತೋರಿಸಿದ. ದಂಡೆಯ ಮೇಲೆ ಖಾಲಿ ಬಿದ್ದಿದ್ದ, ತೀರಿಹೋದ ತನ್ನ ತಾಯಿಯ ಮನೆಯ ಛಾವಣಿಯನ್ನು ರಿಪೇರಿ ಮಾಡಲು ಹತ್ತಿದ. ಕೆಲಸವೆಂದರೆ ಸುಮ್ಮನಿರಲಾರದ ಪಾಸ್ಟರರು ಮೊಳೆಯ ಡಬ್ಬಿ ಹಿಡಿದು ತಾವೂ ಹತ್ತಿದರು. ನಾನು ಕೆಳಗೆ ನಿಂತು ಹಲಗೆ ಕೊಡುತ್ತಿದ್ದೆ.

"ಯಾರಿಗೆ ಲೂಥರ್ ಈ ಮನೆ?"

"ವಯಸ್ಸಾದ ಗಂಡ ಹೆಂಡ್ತಿಗೆ, ಪಾಸ್ಟ್ರೇ."

"ಒಳ್ಳೇದು, ಒಳ್ಳೇದು. ಅದೃಷ್ಟವಂತರು."

"ನೀವಾಗಿದ್ರೆ ಒಲೆ ಎಲ್ಲಿಡ್ತಿದ್ರಿ?"

"ಕಿಟಕಿ ಪಕ್ಕ. ಚಹಾ ಕುಡೀತಾ ಸಮುದ್ರ ಕಾಣಬೇಕು ನೋಡು."

ಲೂಥರ್ ಒಲೆಯನ್ನು ಕಿಟಕಿಯ ಪಕ್ಕಕ್ಕೇ ಇಟ್ಟ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲವೆಂದು ಇಡೀ ಊರು ನಂಬಿತು. ತಮ್ಮ ಮನೆಗೆ ತಾವೇ ಮೊಳೆ ಹೊಡೆದ ಪಾಸ್ಟರರು ಸಂತೋಷದಿಂದ ಕೈ ಒರೆಸಿಕೊಂಡು ಹೋದರು.

ಜೂನ್ ತಿಂಗಳಲ್ಲಿ ತಿಮಿಂಗಿಲದ ಹಬ್ಬ ಬಂತು. ಊರು ಬಿಡುವವರಿಗೆ ನಾವು ಅಂದೇ ಹೊಟ್ಟೆ ತುಂಬ ಬಡಿಸಿ, ಬೇಯಿಸಿದ್ದನ್ನು ಕಟ್ಟಿಕೊಡುತ್ತೇವೆ. ಹಸಿ ಮಾಂಸದ ಚಳಿಗಾಲದ ಪಾಲು, ಮುಂದಿನ ಕತ್ತಲೆಯ ತಿಂಗಳುಗಳಲ್ಲಿ ಇಲ್ಲಿರುವವರಿಗೆ ಮಾತ್ರ. ಆ ಪಾಲನ್ನು ಎಲ್ಲ ದೋಣಿಯವರೂ ತಂದು ಪಾಸ್ಟರರ ಬಾಗಿಲಲ್ಲಿ ಇಟ್ಟರು. ಪ್ರತಿ ವರ್ಷದ ಅಭ್ಯಾಸಬಲದಿಂದ ಕೊಟ್ಟಿದ್ದಾರೆಂದು ಇವರು ತಿಳಿದುಕೊಂಡರು. ಮರುದಿನ ಎಲ್ಲವನ್ನೂ ಬಂಡಿಗೆ ಹೇರಿಕೊಂಡು, ಮನೆ ಮನೆಗೆ ಹೋಗಿ, ಪೂಜ್ಯರು ವಾಪಸು ಕೊಟ್ಟರು!

"ಚಳಿಗಾಲಕ್ಕೆ ನಾವಿರಲ್ವಲ್ಲಮ್ಮ," ಎಂದು ಅಜ್ಜಿಗೆ ವಿವರಿಸಿದರು. "ಹಾಳಾಗೋದು ಬೇಡ. ಮಕ್ಕಳಿರೋ ಮನೆಗಾದ್ರೂ ಆಗುತ್ತೆ."

ಅಜ್ಜಿ "ಹೌದಾ" ಎಂದು ತೆಗೆದುಕೊಂಡಳು. ಅವರ ಬಂಡಿ ಮರೆಯಾಗುವವರೆಗೆ ತಡೆದು, ನನ್ನ ಕಡೆ ತಿರುಗಿದಳು.

"ಕೊಟ್ಟ ಮಾಂಸ ಹೊತ್ಕೊಂಡು ಬಂದು ವಾಪಸ್ ಕೊಡೋ ಮನುಷ್ಯನ್ನ ನನ್ನ ಜನ್ಮದಲ್ಲಿ ನೋಡಿರ್ಲಿಲ್ಲ. ಒಲ್ಲೆ ಅನ್ನೋದನ್ನ ಇನ್ನೆಷ್ಟು ಗಟ್ಟಿಯಾಗಿ ಹೇಳ್ಬೇಕು?"

"ಅವರಿಗೆ ಗೊತ್ತಾಗಿಲ್ಲ ಅಜ್ಜಿ."

"ಇಷ್ಟು ವರ್ಷ ಉಂಡೋರಿಗೆ?"

ಅದೇ ಮಧ್ಯಾಹ್ನ ಲೂಥರ್ ತಾಯಿಯ ಮನೆಯ ಬಾಗಿಲಿಗೆ ಹಲಗೆ ಬಡಿದ. ಯಾರೂ ಏನೂ ಅನ್ನಲಿಲ್ಲ. ಮೌನವನ್ನು ಇಷ್ಟಪಡುವ ನನಗೂ ಈ ಮೌನವನ್ನು ಕಂಡು ತಲೆ ಚಚ್ಚಿಕೊಳ್ಳುವಂತಾಯಿತು.

ಕಳೆದ ವಾರ ವರ್ನಾ ಅಮ್ಮನವರಿಗೆ ಸಾಮಾನು ಕಟ್ಟಲು ನೆರವಾಗಲೆಂದು ಹೋಗಿದ್ದೆ. ಲೋಟಗಳನ್ನು ಬಟ್ಟೆಯಲ್ಲಿ ಸುತ್ತುತ್ತ, ನನ್ನ ಕಡೆ ನೋಡದೆಯೇ ಅವರು ಹೇಳಿದರು: "ಒಬ್ಬರಾದ್ರೂ ಇರಿ ಅಂತಾರೇನೋ ಅಂತ ಕಾದೆ ಕಣೋ ಮಗು. ಯಾರೂ ಅನ್ಲಿಲ್ಲ. ಹೋಗ್ಲಿ ಬಿಡು, ಸಾಕಾಗಿರ್ಬೇಕು ನಮ್ಮನ್ನ ನೋಡಿ ನೋಡಿ."

"ಪಾಸ್ಟರು ಏನಂತಾರೆ?"

"ಅವರಾ? ದಿನಾ ಹೋಗಿ ಲೂಥರ್ ಮಾಡಿಸಿದ ಆ ಮನೆ ಕಿಟಕಿ ಎದುರು ನಿಂತು ಬರ್ತಾರೆ. ಬಾಗಿಲು ಯಾಕೆ ಮುಚ್ಚಿದಾನೆ, ಪಾಪ ಆ ಮುದುಕರು ಬರಲಿಲ್ವೇನೋ ಅಂತ ಇವರಿಗೆ ಚಿಂತೆ."

ಮನೆಗೆ ಬಂದು ಎಲ್ಲವನ್ನೂ ಅಜ್ಜಿಗೆ ಹೇಳಿದೆ. "ಈಗ್ಲೇ ಹೋಗಿ ಹೇಳ್ಬಿಡ್ತೀನಿ," ಎಂದೆ.

"ಬೇಡ," ಎಂದಳು ಅಜ್ಜಿ. "ಬಾಯಿಬಿಟ್ಟು ಕೇಳಿದ್ರೆ ನಮ್ಮ ಮುಖ ನೋಡಿ ಇಲ್ಲ ಅನ್ನೋಕಾಗ್ದೆ ಉಳ್ಕೋತಾರೆ. ಹಾಗೆ ಇಟ್ಕೊಳ್ಳೋದು ಸರಿಯಲ್ಲ. ನೀನು ಪುಸ್ತಕಕ್ಕೆ ಏನೋ ಬರೀತಿದೀಯಲ್ಲ, ಅದ್ರಲ್ಲಿ ಬರಿ. ಓದೋದು ಬಿಡೋದು ಅವರಿಷ್ಟ."

ಈ ಸಂಪುಟ ಬೀಳ್ಕೊಡುಗೆಯ ಊಟದ ದಿನ ಅವರ ಕೈ ಸೇರಲಿದೆ. ವಿಮಾನ ಅದರ ಮರುದಿನ. ಅಚ್ಚಾದದ್ದು ಯಾವುದನ್ನೂ, ಎಣ್ಣೆ ಡಬ್ಬಿಯ ಮೇಲಿನ ಸೂಚನೆಯನ್ನೂ, ಪಾಸ್ಟರರು ಓದದೆ ಬಿಟ್ಟವರಲ್ಲ. ಆದ್ದರಿಂದ ಉಳಿದ ಮಾತುಗಳನ್ನು ಅವರಿಗೇ ಬರೆಯುತ್ತೇನೆ.

ಪಾಸ್ಟರರೇ, ವರ್ನಾ ಅಮ್ಮ, ನೀವು ವಾಪಸು ಕೊಟ್ಟ ಮಾಂಸವನ್ನು ಯಾವ ಮನೆಯವರೂ ಮುಟ್ಟಿಲ್ಲ. ಅಜ್ಜಿ ಅದನ್ನೆಲ್ಲ ಸೇರಿಸಿ ದಂಡೆಯ ಮೇಲಿನ ಆ ಮನೆಯ ನೆಲಮಾಳಿಗೆಯ ಹಿಮದಲ್ಲಿ ಇರಿಸಿದ್ದಾಳೆ. ಸಂಗತಿ ತಿಳಿದ ಲೂಥರ್ ಬಾಗಿಲಿನ ಹಲಗೆಯನ್ನು ಕಿತ್ತಿದ್ದಾನೆ. ಆ ವಯಸ್ಸಾದ ಗಂಡ ಹೆಂಡತಿ ಯಾರೆಂದು ಈಗಲಾದರೂ ನಿಮಗೆ ತಿಳಿದಿರಬೇಕು. ಸೇವೆಯೂ ನಿಮಗೆ ಮುಗಿದಿಲ್ಲ: ಗಡ್ಡೆಯನ್ನು ಎಲ್ಲಿ ಕಡಿಯಬೇಕೆಂದು ಹೊಸ ಪಾಸ್ಟರರಿಗೆ ತೋರಿಸುವವರು ಬೇಕು, ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ದೀರ್ಘಾಯುಷ್ಯವನ್ನು ಕೊಡುವವನು ಕೊಡಲಿ. ಅದನ್ನು ಎಲ್ಲಿ ಕಳೆಯಬೇಕೆಂಬುದು ನಿಮ್ಮ ಇಷ್ಟ. ನಮ್ಮ ಇಷ್ಟವನ್ನು ಕೇಳುವುದಾದರೆ, ಇರಿ.

ಮನಸ್ಸಿಲ್ಲದಿದ್ದರೆ ಹೋಗಿಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ದಯವಿಟ್ಟು ಆ ಮಾಂಸವನ್ನು ಮಾತ್ರ ಮತ್ತೆ ಬಂಡಿಗೆ ಹೇರಿಕೊಂಡು ಬರಬೇಡಿ.