ಟೀವಿಯವರಿಗೆ ಕೊಟ್ಟ ಪಾಲು

ನಮ್ಮಪ್ಪ ಟೀವಿಯನ್ನು ನಂಬುತ್ತಿರಲಿಲ್ಲ. ಅದರಲ್ಲೂ ಬೇಟೆ ತೋರಿಸಿದರೆ ಮುಗೀತು, ಮಂಚದ ತುದಿಗೆ ಜರುಗಿ ಕೂತು ತಕರಾರು ತೆಗೆಯೋರು. ನಮ್ಮದು ವಿದುರಾಶ್ವತ್ಥಕ್ಕೆ ಹತ್ತಿರದ ಊರು. ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮಲ್ಲಿಗೂ ಕೇಬಲ್ ಬಂತು. ಅರ್ಧ ಚಾನಲ್ಲು ತೆಲುಗು, ಮಿಕ್ಕಿದ್ದರಲ್ಲಿ ಒಂದು ಯಾವಾಗ ಹಾಕಿದರೂ ಪ್ರಾಣಿ ತೋರಿಸೋದು. ಚಿರತೆ ಜಿಂಕೆಯ ಹಿಂದೆ ಬಿದ್ದರೆ ಜೊತೆಗೆ ಡೋಲು ಬಡಿಯೋ ಸದ್ದು. "ಕಾಡಲ್ಲಿ ಡೋಲು ಯಾರಮ್ಮ ಬಡೀತಾರೆ?" ಅನ್ನೋರು ಅಪ್ಪ. ಒಂದು ಸಲ ಹಸಿರು ಬಟ್ಟೆ ಹಾಕಿದ್ದ ಬಿಳಿಯನೊಬ್ಬ ದೂರದಿಂದ ಗುಂಡು ಹೊಡೆದು, ಬಿದ್ದ ಪ್ರಾಣಿಯ ಕೊಂಬು ಹಿಡಿದುಕೊಂಡು ಹಲ್ಲು ಕಿರಿದ. ಪ್ರೋಗ್ರಾಮು ಅಲ್ಲಿಗೇ ಮುಗೀತು. ಅಪ್ಪನಿಗೆ ತಡೆಯೋಕಾಗಲಿಲ್ಲ. "ಹೊತ್ತೋರು ಯಾರು? ಸುಲಿದೋರು ಯಾರು? ಯಾರ್ಯಾರಿಗೆ ಪಾಲು ಹೋಯ್ತು? ಅದನ್ನೆಲ್ಲ ಬಿಟ್ಟು ತೋರಿಸಿದ್ರೆ ಅದು ಬೇಟೆ ಹೆಂಗಾಗುತ್ತೆ? ಇವನು ಕೊಂದ, ಅಷ್ಟೆ." ಅಮ್ಮ ಅಡಿಗೆಮನೆಯಿಂದಲೇ, ಟೀವಿ ಜೊತೆ ಜಗಳ ಆಡೋ ಗಂಡನ್ನ ನಾನೊಬ್ಬಳೇ ಕಂಡಿದ್ದು ಅಂತ ಗೊಣಗೋಳು.

ಅಪ್ಪನಿಗೆ ಆ ಮಾತಾಡೋಕೆ ಹಕ್ಕಿತ್ತು. ಊರಿನ ಮೊಲದ ಬಲೆ ತಾತನ ಕಾಲದಿಂದ ನಮ್ಮ ಅಟ್ಟದ ಮೇಲೇ ಇತ್ತು. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಊರ ಗಂಡಸರು ಅದನ್ನು ಹೊತ್ತುಕೊಂಡು ಗುಡ್ಡದ ಕಡೆ ಹೋಗೋರು. ಒಂದು ಕಡೆ ಬಲೆ ಕಟ್ಟೋದು, ಇನ್ನೊಂದು ಕಡೆಯಿಂದ ಕೂಗಾಡುತ್ತಾ ಪೊದೆ ಬಡಿಯೋದು. ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತಿತ್ತು. ವರ್ಷಕ್ಕೊಂದು ದಿನ ತಾನೇ ಅಂತ ಎಲ್ಲರೂ ಗೊತ್ತಿಲ್ಲದವರ ಹಾಗೆ ಇದ್ದರು. ಸಿಕ್ಕಿದರೆ ಎರಡೋ ಮೂರೋ ಮೊಲ, ಕೆಲವು ವರ್ಷ ಅದೂ ಇಲ್ಲ.

ಸಿಕ್ಕಿದ್ದನ್ನು ಬೇವಿನ ಮರದ ಕೆಳಗೆ ಪಾಲು ಹಾಕೋರು ನಮ್ಮಪ್ಪ. ಬಲೆಗೆ ಒಂದು ಪಾಲು, ಪೊದೆ ಬಡಿದವರಿಗೆ, ನಾಯಿಗೆ. ಆಮೇಲೆ ದಾರಿ ಪಾಲು ಅಂತ ಒಂದು ಇರುತ್ತಿತ್ತು. ಬೇಟೆ ಮುಗಿಸಿ ಬರುವಾಗ ಯಾರೇ ಎದುರಾಗಲಿ, ಯಾವ ಊರಿನವರೇ ಆಗಲಿ, ಬೇಟೆ ಅವರ ಕಣ್ಣಿಗೆ ಬಿತ್ತು ಅಂದ ಮೇಲೆ ಅವರಿಗೂ ಒಂದು ತುಂಡು ಕೊಡಲೇಬೇಕು. ಮುತ್ತುಗದ ಎಲೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ಕೊಡಬೇಕು. ಕೊಡದೆ ಕಳಿಸಿದರೆ ಮುಂದಿನ ವರ್ಷ ಬಲೆಗೆ ಇಲಿಯೂ ಬೀಳಲ್ಲ ಅಂತ ನಂಬಿಕೆ. ಇನ್ನು ಮಾರೋದು ಅಂದರೆ, ಆ ಮಾತು ಆಡೋ ಹಾಗೇ ಇರಲಿಲ್ಲ. ಬೇಟೆ ಮಾಂಸ ಮಾರಿಕೊಂಡವರ ಮನೆಗೆ ಹೆಣ್ಣು ಕೊಡಬಾರದು ಅನ್ನೋರು ನಮ್ಮ ಕಡೆ.

ಒಂದು ವರ್ಷ ಹೊಸತೊಡಕಿನ ದಿನ ಬೆಳಿಗ್ಗೆ ಇಬ್ಬರು ಹುಡುಗರು ಕಾರಲ್ಲಿ ಬಂದರು. ಒಬ್ಬನ ಹೆಗಲ ಮೇಲೆ ಕ್ಯಾಮೆರಾ, ಇನ್ನೊಬ್ಬನ ಕೈಯಲ್ಲಿ ಮೈಕು. ನಾನು ಆಗ ಕುಡುಮಲಕುಂಟೆಯ ಒಂದು ಫ್ಯಾಕ್ಟರಿ ಆಫೀಸಲ್ಲಿ ಕೆಲಸಕ್ಕಿದ್ದೆ, ಹಬ್ಬಕ್ಕೆ ರಜಾ ಇತ್ತು, ಮನೇಲೇ ಇದ್ದೆ. ಮೈಕಿನವನು ಬಲು ನಯ. "ತಾತ, ನಿಮ್ಮ ಬೇಟೆ ಸಂಪ್ರದಾಯದ ಬಗ್ಗೆ ಒಂದು ಪ್ರೋಗ್ರಾಮ್ ಮಾಡ್ತಿದೀವಿ," ಅಂದ. ಯಾವ ಪ್ರೋಗ್ರಾಮ್ ಅಂತ ಕೇಳಿದೆ. "ಇನ್ನೂ ಹೆಸರು ಇಟ್ಟಿಲ್ಲ ಅಕ್ಕ," ಅಂದ. ನಮ್ಮೂರಲ್ಲಿ ಬೇಟೆ ಇದೆ ಅಂತ ಯಾರು ಹೇಳಿದರು ಅಂತ ಕೇಳಿದೆ. ನಕ್ಕ. ನನಗೆ ಆಗಲೇ ಅನುಮಾನ ಶುರುವಾಯಿತು. ಇಷ್ಟು ನಯವಾಗಿ ಮಾತಾಡುವವರು ನಮ್ಮ ಮನೆಗೆ ಓಟು ಕೇಳೋಕೆ ಬಿಟ್ಟು ಬೇರೆ ಯಾವುದಕ್ಕೂ ಬಂದವರಲ್ಲ.

ಅಪ್ಪನನ್ನು ಒಳಗೆ ಕರೆದು, "ಕೇಸಾಗುತ್ತೆ ಕಣಪ್ಪ, ಅವರನ್ನ ಕಳಿಸಿಬಿಡು," ಅಂದೆ. ಹೊರಗಿದ್ದ ಹುಡುಗನಿಗೆ ಕೇಳಿಸಿತು. "ಮುಖ ಮಸುಕು ಮಾಡ್ತೀವಿ ಅಕ್ಕ, ಭಯ ಬೇಡ," ಅಂದ.

"ಸಂಪ್ರದಾಯ ತೋರಿಸೋಕೆ ಮುಖ ಯಾಕಪ್ಪ ಮಸುಕು ಮಾಡ್ಬೇಕು?" ಅಂದೆ. ಅದಕ್ಕೂ ನಕ್ಕ.

ಆದರೆ ಅಪ್ಪ ಆಗಲೇ ಅಟ್ಟ ಹತ್ತಿದ್ದರು. ಅಷ್ಟು ವರ್ಷ ಟೀವಿಯನ್ನು ಬೈದ ಮನುಷ್ಯ ಆ ಹುಡುಗರನ್ನು ನಂಬಿಬಿಟ್ಟರು. "ಸರಿಯಾಗಿ ತೋರಿಸ್ತೀವಿ ಅಂತ ಒಬ್ಬರಾದ್ರೂ ಬಂದ್ರಲ್ಲಮ್ಮ. ಪಾಲು ಹಾಕೋದು ನೋಡ್ಲಿ ಜನ," ಅಂದರು. "ಇವರು ಹಿಡಿದ ಮೊಲಕ್ಕೆ ಮೂರೇ ಕಾಲು, ಬಿಡು," ಅಂದಳು ಅಮ್ಮ.

ಎರಡು ಮೊಲ ಸಿಕ್ಕವು. ಬೇವಿನ ಮರದ ಕೆಳಗೆ ಪಾಲು ಹಾಕುವಾಗ ನಾನೂ ಹೋಗಿ ನಿಂತೆ. ಅಪ್ಪ ಒಂದೊಂದು ಪಾಲೂ ಯಾಕೆ, ಯಾರಿಗೆ ಅಂತ ಮೈಕಿಗೆ ಬಿಡಿಸಿ ಹೇಳಿದರು. ಹುಡುಗ ಹೂಂ ಹೂಂ ಅಂತಿದ್ದ, ಕಣ್ಣು ಮಾತ್ರ ಬೇರೆ ಕಡೆ. ಮಧ್ಯೆ, "ಇದನ್ನ ಚಿಕ್ಕಬಳ್ಳಾಪುರದಲ್ಲಿ ಮಾರಿದ್ರೆ ಒಳ್ಳೇ ರೇಟ್ ಸಿಗುತ್ತೆ ಅಲ್ವಾ ತಾತ?" ಅಂದ. "ಸಿಗುತ್ತಪ್ಪ, ಯಾಕೆ ಸಿಗಲ್ಲ. ಆದ್ರೆ ನಾವು ಮಾರಲ್ಲ, ಅದು ಪಾಪ," ಅಂದರು ಅಪ್ಪ. ಕೊನೆಗೆ ದಾರಿ ಪಾಲು. ಬೇಟೆ ನೋಡಿದವರು ಆ ಹುಡುಗರೂ ತಾನೇ. ಅಪ್ಪ ಎಲೆಯಲ್ಲಿ ಸುತ್ತಿ ಎರಡೂ ಕೈ ಚಾಚಿದರು. ಮೈಕಿನವನು ತಗೊಂಡ. "ಇನ್ನೊಂದು ಸಲ ಕೊಡಿ ತಾತ, ಬೆಳಕು ಸರಿ ಬರಲಿಲ್ಲ," ಅಂತ ವಾಪಸ್ ಕೊಟ್ಟ. ಅಪ್ಪ ಮತ್ತೆ ಕೊಟ್ಟರು. ಕೊಟ್ಟ ಪಾಲನ್ನು ವಾಪಸ್ ತಗೊಳ್ಳೋದು ನಮ್ಮಲ್ಲಿ ಇಲ್ಲ, ಆದರೂ ಹುಡುಗ ಕೇಳಿದ ಅಂತ ತಗೊಂಡು ಕೊಟ್ಟರು. ಕಾರು ಹೋದ ಮೇಲೂ ನನ್ನ ಅನುಮಾನ ಹೋಗಲಿಲ್ಲ.

ತಿಂಗಳೊಳಗೆ ಒಂದು ಸಂಜೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ, "ಅಕ್ಕಾ, ಮೀ ನಾಯನ ಟೀವಿಲೋ ಉಂಡಾರು," ಅಂತ ತೆಲುಗಲ್ಲಿ ಕೂಗಿದಳು. ನಮ್ಮಪ್ಪ ಟೀವೀಲಿ ಬರ್ತಿದಾರಂತೆ. ಹಾಕಿದೆವು. ಮೊದಲು ಕೇಳಿಸಿದ್ದೇ ಡೋಲು. ನಮ್ಮ ಗುಡ್ಡವನ್ನು ಕತ್ತಲೆ ಕತ್ತಲೆ ಮಾಡಿ ತೋರಿಸಿದರು, ಬೆಳಿಗ್ಗೆ ಹತ್ತು ಗಂಟೆಯಲ್ಲಿ ತೆಗೆದದ್ದು ಅದು. ಗಡಸು ದನಿಯೊಂದು ಕಾಡುಪ್ರಾಣಿಗಳ ಮಾಂಸದ ದಂಧೆ ಅಂತ ಒದರುತ್ತಿತ್ತು. ಬೇವಿನ ಮರದ ಕೆಳಗಿನ ಪಾಲು ಒಂದೂ ಬರಲಿಲ್ಲ. ಮುಖ ಮಸುಕಾಗಿದ್ದ ಒಬ್ಬ ಮುದುಕ "ಸಿಗುತ್ತಪ್ಪ, ಯಾಕೆ ಸಿಗಲ್ಲ" ಅಂದ, ಎಲೆಯ ಪೊಟ್ಟಣ ಚಾಚಿದ. ಅದನ್ನೇ ಮತ್ತೆ ಮತ್ತೆ ತೋರಿಸಿದರು. ಅಪ್ಪ ತಕರಾರು ತೆಗೆಯಲಿಲ್ಲ. ಜಾಹೀರಾತು ಬರೋ ತನಕ ನೋಡಿ, ಎದ್ದು ದನಕ್ಕೆ ನೀರಿಡಲು ಹೋದರು.

ಆ ವಾರವೇ ಅರಣ್ಯ ಇಲಾಖೆಯ ಜೀಪು ಬಂತು. ಅಮ್ಮ ಅಪ್ಪನನ್ನು ಒಳಗೆ ಕೂರಿಸಿ ಬಾಗಿಲಿಗೆ ಅಡ್ಡ ನಿಂತಳು. ಅಧಿಕಾರಿ ವಯಸ್ಸಾದವರು, ಮರ್ಯಾದಸ್ಥರು. ನಮ್ಮ ಅಂಗಳದಲ್ಲೇ ನಿಂತು, ಟೀವಿಯಲ್ಲಿ ಬಂದವರು ಯಾರು ಅಂತ ಸೇರಿದ್ದ ಜನರನ್ನು ಕೇಳಿದರು. ಎಲ್ಲರೂ ಪಾಲು ತಿಂದವರೇ. ಒಬ್ಬರೂ ಬಾಯಿ ಬಿಡಲಿಲ್ಲ, ಗೊತ್ತಿಲ್ಲ ಸಾರ್ ಅಂದರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಅಧಿಕಾರಿ ನನ್ನ ಕಡೆ ತಿರುಗಿ, "ನಿಮ್ಮ ತಂದೆಯಂತಲ್ಲಮ್ಮ?" ಅಂದರು.

"ಅಲ್ಲ ಸರ್," ಅಂದೆ. ಒಂದಿಷ್ಟೂ ತಡವರಿಸಲಿಲ್ಲ.

ಅವರಿಗೂ ಅಷ್ಟೇ ಬೇಕಾಗಿತ್ತೋ ಏನೋ, ಜೀಪಿನ ಕಡೆ ಹೊರಟರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಗುಂಪಿನಲ್ಲಿ ಒಬ್ಬ, ಒಳ್ಳೇದು ಮಾಡೋ ಉತ್ಸಾಹದಲ್ಲಿ, "ಬೇಟೆ ಮಾಂಸ ಮಾರ್ಕೊಂಡು ತಿನ್ನೋ ಲೋಫರ್ ನಮ್ಮೂರಲ್ಲಿ ಹುಟ್ಟಿಲ್ಲ ಸಾರ್. ಬೇರೆ ಕಡೆಯೋನು ಇರ್ಬೇಕು," ಅಂದ. ಮಿಕ್ಕವರು ಹೌದು ಹೌದು ಅಂದರು. ನಾನೂ ತಲೆ ಆಡಿಸಿದೆ.

ಅಪ್ಪ ಅಮ್ಮನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದರು. "ನಾನೇ ಸ್ವಾಮಿ ಅದು," ಅಂದರು.

"ಅಪ್ಪ, ಸುಮ್ನಿರು," ಅಂದೆ. ಕೈ ಹಿಡಿದೆಳೆದೆ. ಕೊಡವಿಕೊಂಡರು.

"ಮೊಲ ಹಿಡಿದಿದ್ದು ನಾನೇ. ಬಲೆ ನಂದೇ, ಅಟ್ಟದ ಮೇಲಿದೆ. ಆದ್ರೆ ನಾನು ಮಾರಿಲ್ಲ. ಆ ಹುಡುಗರಿಗೆ ಪಾಲು ಕೊಟ್ಟೆ, ಅವರೂ ತಗೊಂಡೋದ್ರು."

ಅಧಿಕಾರಿ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಹಿಡಿದೆ ಅಂದ್ರೆ ಸಾಕು ಯಜಮಾನ್ರೆ, ಕೇಸಾಗುತ್ತೆ. ಮಾರಿದ್ರೋ ಇಲ್ವೋ, ಜೀಪು ಹತ್ತಬೇಕಾಗುತ್ತೆ. ಯೋಚನೆ ಮಾಡಿ ಹೇಳಿ."

"ಮಾಡೇ ಹೇಳ್ತಿರೋದು. ಹಿಡಿದಿದ್ದಕ್ಕೆ ಕರ್ಕೊಂಡೋಗಿ. ಮಾರಿದೋನು ಅನ್ನಬೇಡಿ."

ಬಲೆಯನ್ನು ಕೆಳಗಿಳಿಸಿ ಜೀಪಿಗೆ ಹಾಕಿದರು. ಅಪ್ಪ ಒಳಗೆ ಹೋಗಿ ಒಗೆದ ಪಂಚೆ ಉಟ್ಟುಕೊಂಡು ಬಂದು ತಾವಾಗಿಯೇ ಹತ್ತಿ ಕೂತರು. ಜನ ಸೇರಿದ್ದ ಕಡೆ ಒಂದು ಸಲ ನೋಡಿದರು. ಇವನು ಮಾರಿಲ್ಲ ಅಂತ ಯಾರಾದರೂ ಹೇಳ್ತಾರೇನೋ ಅಂತ ಕಾಯುತ್ತಿದ್ದ ಹಾಗಿತ್ತು. ಬಾಯಿ ಬಿಟ್ಟರೆ ತಮ್ಮ ಹೆಸರೂ ಬರುತ್ತೆ ಅಂತ ಎಲ್ಲರಿಗೂ ಭಯ. ಜೀಪು ಹೊರಟಿತು.

ಮಾರನೇ ದಿನ ಗೌರಿಬಿದನೂರಿನಲ್ಲಿ ಜಾಮೀನು ಕೊಡಿಸಿ ಕರೆತಂದೆ. ಸಂಜೆ ಊರಿನವರು ಒಬ್ಬೊಬ್ಬರೇ ಬಂದು ಜಗಲಿ ಮೇಲೆ ಕೂತು, "ನೀನು ಮಾರಿಲ್ಲ ಅಂತ ನಮಗೆ ಗೊತ್ತಿಲ್ವೇನಣ್ಣ," ಅಂದರು. ಅಪ್ಪ ಎಲ್ಲರಿಗೂ ಕಾಫಿ ಕೊಡಿಸಿದರು. ಎಲ್ಲರೂ ಹೋದ ಮೇಲೆ ನನಗೆ ರೇಗಿತು. "ಎಲ್ಲರೂ ಸೇರಿ ನಿನ್ನ ಉಳಿಸಿದ್ವಿ. ಬೇಕಂತಲೇ ಹೋಗಿ ತಲೆ ಕೊಟ್ಟೆಯಲ್ಲಪ್ಪ," ಅಂದೆ.

"ಮಾರ್ಕೊಂಡು ತಿನ್ನೋನು ಅಂದಾಗ ನೀನೂ ತಲೆ ಆಡಿಸಿದೆ ಕಣಮ್ಮ. ಕಿಟಕಿಯಿಂದ ನೋಡ್ದೆ."

"ಇನ್ನೇನು ಮಾಡ್ಬೇಕಿತ್ತು? ನಮ್ಮಪ್ಪ ಮಾರಿಲ್ಲ ಅಂದಿದ್ರೆ ನಿನ್ನ ಕರ್ಕೊಂಡು ಹೋಗೋರು."

"ಹೋದ್ನಲ್ಲಮ್ಮ, ಹೆಂಗೂ," ಅಂದರು ಅಪ್ಪ. "ಒಬ್ಬನೇ ಹೋದೆ."