ಕೊನೆ ಹೇಳದ ಮಾಸ್ತರು

ಭಾನುವಾರ ಬೆಳಗ್ಗೆ ಹತ್ತೂವರೆಗೆ ನಮ್ಮ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿರಲಿಲ್ಲ. ಅಮ್ಮ ಟಿವಿಯ ಮುಂದೆ ಹುಣಸೆಹುಳಿಯ ಗಂಟು ಬಿಚ್ಚಿ ಕೂರುತ್ತಿದ್ದಳು. ಪೆರಂಬೂರಿನ ನಮ್ಮ ಹೋಟೆಲಿಗೆ ಬೇಕಾದ ಹುಳಿಯ ಬೀಜ ತೆಗೆಯುವುದು ಈಗಲೂ ಅವಳದೇ ಕೆಲಸ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ದೃಷ್ಟಿ ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಯಾರಾದರೂ ಕೇಳಿದರೆ ಮಾತ್ರ, “ಸ್ವಲ್ಪ ಮಂಜು ಮಂಜು, ಅಷ್ಟೆ” ಎನ್ನುತ್ತಿದ್ದಳು.

ತಮಿಳು ಚಾನೆಲೊಂದರ ಸಿನಿಮಾ ವಿಮರ್ಶೆ ಅದು. ನಡೆಸುತ್ತಿದ್ದವರು ನಡುವಯಸ್ಸಿನ ಒಬ್ಬರು. ಅಮ್ಮ ಅವರಿಗೆ ಮಾಸ್ತರು ಎಂದು ಹೆಸರಿಟ್ಟಿದ್ದಳು. ಕುರ್ಚಿಯಲ್ಲಿ ಕೂತು ನಿಧಾನವಾಗಿ ಕಥೆ ಹೇಳುವರು: ಮಳೆ ಬರುತ್ತಿದೆ, ಹುಡುಗಿ ಹಸಿರು ಸೀರೆ ಉಟ್ಟಿದ್ದಾಳೆ, ಬಾಗಿಲು ತಟ್ಟುತ್ತಾಳೆ, ತೆರೆಯುವುದು ಅವಳ ಅಣ್ಣ. ಸರಿಯಾಗಿ ಕೊನೆ ಬರುವ ಹೊತ್ತಿಗೆ ನಿಲ್ಲಿಸಿ, ಮಿಕ್ಕಿದ್ದನ್ನು ಥಿಯೇಟರಿನಲ್ಲಿ ನೋಡಿ ಎನ್ನುವರು. ಥಿಯೇಟರಿಗೆ ಯಾರು ಹೋಗುತ್ತಾರೆ! ಆ ಕೊನೆಯನ್ನು ವಾರವಿಡೀ ಅಮ್ಮ ತಾನೇ ಕಟ್ಟುತ್ತಿದ್ದಳು. ಉಡುಪಿಯ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುವಾಗ, “ನಾನು ನೋಡಿದ್ದು” ಎಂದೇ ಶುರು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಹೋಟೆಲಿನ ಒಲೆ ಬಿಟ್ಟು ಒಂದು ಸಿನಿಮಾಕ್ಕೂ ಹೋದವಳಲ್ಲ.

ಒಂದು ಭಾನುವಾರ ಅವರ ಜಾಗದಲ್ಲಿ ಒಬ್ಬಳು ಹುಡುಗಿ ಬಂದಳು. ಕುರ್ಚಿಯೂ ಇಲ್ಲ, ಕಥೆಯೂ ಇಲ್ಲ. ಢಂ ಢಂ ಸಂಗೀತ, ಪಟಪಟ ತುಣುಕುಗಳು, “ಇಂಗ ಪಾರುಂಗ, ಇಂಗ ಪಾರುಂಗ!” ಇಲ್ಲಿ ನೋಡಬೇಕಂತೆ. ಯಾರು ನೋಡುವುದು, ನಿನ್ನ ತಲೆ!

“ಮಾಸ್ತರು ಎಲ್ಲಿಗೆ ಹೋದ್ದು?” ಅಮ್ಮ ಕೇಳಿದಳು.

“ರಜೆ ಇರ್ಬೇಕು ಅಮ್ಮ.”

ಮೂರು ವಾರ ಅದೇ ಸುಳ್ಳು ಹೇಳಿದೆ. ನಾಲ್ಕನೆಯ ವಾರ ಚಾನೆಲಿಗೆ ಫೋನ್ ಮಾಡಿದೆ. ಕಾರ್ಯಕ್ರಮದ ರೀತಿಯೇ ಬದಲಾಗಿದೆ, ಆ ಸಾರ್ ಇನ್ನು ಬರುವುದಿಲ್ಲ ಎಂದು ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು. ಕಣ್ಣು ಕಾಣದವರು ಏನು ಮಾಡಬೇಕು ಎಂದು ಕೂಗಾಡಿದೆ. “ಸಾರಿ ಮೇಡಂ” ಎಂದಳು. ಪಾಪ, ಅವಳಾದರೂ ಏನು ಮಾಡಿಯಾಳು? ಫೋನ್ ಇಟ್ಟ ಮೇಲೆ ನನಗೇ ನಾಚಿಕೆಯಾಯಿತು.

ಕಡೆಗೆ ನಾನೇ ಹೇಳುತ್ತೇನೆ ಎಂದು ಹೊರಟೆ. ಶನಿವಾರ ಮೊಬೈಲಿನಲ್ಲಿ ಒಂದು ಸಿನಿಮಾ ಪೂರ್ತಿ ನೋಡಿ, ಮರುದಿನ ಹತ್ತೂವರೆಗೆ ಅಮ್ಮನ ಪಕ್ಕ ಕೂತು, ಬಾಯಿಪಾಠದ ಹಾಗೆ ಗಡಿಬಿಡಿಯಲ್ಲಿ ಕಥೆ ಒಪ್ಪಿಸಿದೆ. ಒಲೆಯ ಮೇಲೆ ಸಾರು ಬೇರೆ ಕುದಿಯುತ್ತಿತ್ತು. ನಾಯಕ ಸತ್ತ, ತಂಗಿ ಊರು ಬಿಟ್ಟಳು, ಮುಗಿಯಿತು.

ಹುಳಿ ಬಿಡಿಸುತ್ತಿದ್ದ ಕೈ ನಿಂತಿತು. “ಕೊನೆ ಎಂತಕ್ಕೆ ಹೇಳಿದ್ದು ಮಾರಾಯ್ತಿ? ಇನ್ನು ವಾರ ಇಡೀ ನಾನು ಎಂತ ಮಾಡುದು?”

“ನಂಗೆ ಅವರ ಹಾಗೆ ಹೇಳ್ಲಿಕ್ಕೆ ಬರುದಿಲ್ಲ ಅಮ್ಮ, ಎಂತ ಮಾಡ್ಲಿ!” ಎಂದು ರೇಗಿಬಿಟ್ಟೆ. ಅವಳು ಹುಳಿಯ ಗಂಟನ್ನು ಅರ್ಧಕ್ಕೇ ಕಟ್ಟಿ ಪಕ್ಕಕ್ಕಿಟ್ಟಳು. ಹೇಳಿದ ಕೊನೆಯನ್ನು ಹಿಂದಕ್ಕೆ ಪಡೆಯುವುದು ಹೇಗೆ?

ಸಂಜೆ ಚಿಕ್ಕಮ್ಮನ ಫೋನ್ ಬಂತು. ಈ ವಾರ ಯಾವ ಸಿನಿಮಾ ಎಂದು ಕೇಳಿರಬೇಕು.

“ಎಂತ ಸಿನಿಮಾ? ನಂಗೆ ಕಣ್ಣು ಕಾಣುದಿಲ್ಲ ಅಲ್ವಾ” ಎಂದಳು ಅಮ್ಮ.

ಆರು ವರ್ಷದಲ್ಲಿ ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.